ಕಾರಿಗೂ ಒಂದು ಬಟ್ಟಲು ಎಣ್ಣೆ

ನಮ್ಮ ಮನೆಯಲ್ಲಿ ಸೋರದ ಕೋಣೆ ಅಂತ ಇದ್ದದ್ದು ಒಂದೇ. ಅದರಲ್ಲಿ ಕಾರು ಇರುತ್ತಿತ್ತು. ಉಳಿದ ನಾಲ್ಕು ಜನ, ಅಂದರೆ ಅಪ್ಪ, ಅಮ್ಮ, ಅಜ್ಜಿ ಮತ್ತು ನಾನು, ಆಟಿ ತಿಂಗಳ ಜಡಿಮಳೆಯಲ್ಲಿ ಚಾಪೆಯನ್ನು ಮೂಲೆಯಿಂದ ಮೂಲೆಗೆ ಎಳೆದುಕೊಂಡು ಮಲಗುವುದು. ಮನುಷ್ಯರಿಗೆ ಶೀತ ಆದರೆ ಕಷಾಯ ಉಂಟು, ಕಾರಿಗೆ ತುಕ್ಕು ಹಿಡಿದರೆ ಎಂತ ಉಂಟು ಎಂದು ಅಪ್ಪ ಕೇಳುತ್ತಿದ್ದರು. ಅಮ್ಮ ಪಾತ್ರೆ ಕುಕ್ಕುತ್ತಿದ್ದಳು. ಪೆರಾಬೆಯಲ್ಲಿ ರಸ್ತೆಯಿಂದ ಸ್ವಲ್ಪ ಮೇಲೆ, ಗುಡ್ಡೆ ಕಡಿದು ಸಪಾಟು ಮಾಡಿದ ಜಾಗದಲ್ಲಿ ನಮ್ಮ ಮುರಕಲ್ಲಿನ ಮನೆ. ಚಾವಡಿಯ ಎಡಗಡೆ ಕಾರಿನ ಕೋಣೆ, ಅಂಗಳದ ಬದಿಯಲ್ಲಿ ತಗಡಿನ ಮಾಡು ಹಾಕಿದ ಅಪ್ಪನ ಗ್ಯಾರೇಜು. ಅಂಗಳದಿಂದ ರಸ್ತೆಗೆ ಒಂದು ಇಳಿಜಾರು. ಆ ಇಳಿಜಾರನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಾವಡಿಯಿಂದ ಕಾರಿನ ಕೋಣೆಗೆ ಒಂದು ಬಾಗಿಲಿತ್ತು. ಊಟಕ್ಕೆ ಕೂತರೆ ಆ ಬಾಗಿಲಿನಲ್ಲಿ ಕಾರಿನ ಎರಡು ದೀಪ ನನ್ನನ್ನೇ ನೋಡುತ್ತಿದ್ದವು. ನನಗೆ ಆಗ ಒಂಬತ್ತು ವರ್ಷ, ನೋಡಿದ್ದಕ್ಕೆಲ್ಲ ಹೆದರುವ ಪ್ರಾಣಿ. ಗುಮ್ಮನಿಗೆ ಹೆದರುತ್ತಿದ್ದೆ, ಹಂಡೆಯ ಒಲೆಗೆ ಹೆದರುತ್ತಿದ್ದೆ, ಅಪ್ಪ ಸುಮ್ಮನೆ ಕೆಮ್ಮಿದರೂ ನನಗೇ ಬೈದರು ಅಂದುಕೊಳ್ಳುತ್ತಿದ್ದೆ. ಈಗ ನನ್ನ ಬಾಯಿಗೆ ಸಿಕ್ಕಿಹಾಕಿಕೊಂಡ ಅಳಿಯಂದಿರು, ಬ್ಯಾಂಕಿನವರು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಅವರ ಕರ್ಮ. ನನ್ನ ಬಾಯಿ ಸುರುವಾದದ್ದು ಎಲ್ಲಿಂದ ಎಂದು ಹೇಳಲಿಕ್ಕಾಗಿಯೇ ಈ ಅಧ್ಯಾಯ ಬರೆಯುತ್ತಿದ್ದೇನೆ.

ಕಾರು ವಿಲಾಯತಿಯದ್ದು, ದೊಡ್ಡವರ ಕಾರು. ನನ್ನ ಅಜ್ಜ ಸುಳ್ಯದ ಆಚೆಯ ರಬ್ಬರ್ ತೋಟದ ಇಂಗ್ಲಿಷ್ ದೊರೆಗೆ ಡ್ರೈವರ್ ಆಗಿದ್ದರು. ದೊರೆ ಒಂದೇ ಕಂಪೆನಿಯ ಕಾರಿಗೆ ಒಲಿದವನು. ಆ ಕಂಪೆನಿ ಕೆಲವು ವರ್ಷಕ್ಕೊಮ್ಮೆ ಅದೇ ಕಾರನ್ನು ಅಲ್ಲಿ ಇಲ್ಲಿ ಬದಲಾಯಿಸಿ ಬಿಡುತ್ತಿತ್ತಂತೆ. ಹಾಗೆ ಅಜ್ಜ ಎರಡನ್ನು ಓಡಿಸಿದ್ದರು. ನಮ್ಮ ಮನೆಯಲ್ಲಿ ಅವುಗಳ ಹೆಸರು ಮೊದಲನೇದು, ಎರಡನೇದು, ಅಷ್ಟೆ. ಮೊದಲನೇದಕ್ಕೆ ಎರಡು ದೊಡ್ಡ ದೀಪ ಹೊರಗೆ ಚಾಚಿಕೊಂಡಿದ್ದವು, ಎರಡೂ ಬದಿಯಲ್ಲಿ ಹತ್ತಲಿಕ್ಕೆ ಉದ್ದದ ಹಲಗೆ, ಒಳಗೆ ಹೊಳೆಯುವ ಮರ, ತೊಗಲಿನ ಸೀಟು. ಬ್ರೇಕಿಗೆ ಕಬ್ಬಿಣದ ಸರಳುಗಳು. ಪೆಡಲು ಒತ್ತಿದರೆ ಸರಳು ಎಳೆದು ಚಕ್ರವನ್ನು ಹಿಡಿಯುತ್ತಿತ್ತು. ಎರಡನೇದು ನೋಡಲಿಕ್ಕೆ ಅದರ ತಂಗಿಯೇ. ಮೂತಿ ಅದೇ, ಮರ ಅದೇ, ತೊಗಲು ಅದೇ, ದೀಪ ಮಾತ್ರ ಸ್ವಲ್ಪ ಒಳಗೆ ಸರಿದಿತ್ತು. ಬದಲಾದದ್ದೆಲ್ಲ ಕಣ್ಣಿಗೆ ಕಾಣದ ಕಡೆ. ಸರಳು ಹೋಗಿ ಸಪುರದ ಕೊಳವೆ ಬಂದಿತ್ತು, ಕೊಳವೆಯ ಒಳಗೆ ಬ್ರೇಕ್ ಫ್ಲೂಯಿಡ್, ಅದನ್ನು ದೂಡಲಿಕ್ಕೆ ರಬ್ಬರಿನ ಸಣ್ಣ ಬಟ್ಟಲುಗಳು. ದೊರೆ ಊರು ಬಿಡುವಾಗ ಎರಡನೇದನ್ನು ಅಜ್ಜನ ಕೈಗೆ ಕೊಟ್ಟು ಹೋದನು. ಮೂರನೇದು ನಮ್ಮ ಮನೆಗೆ ಚಿತ್ರವಾಗಿ ಮಾತ್ರ ಬಂದಿತ್ತು. ಅಪ್ಪ ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿ ಚಾವಡಿಯ ಗೋಡೆಗೆ, ದೇವರ ಪಟದ ಪಕ್ಕದಲ್ಲಿ ಅಂಟಿಸಿದ್ದರು. ಅದಕ್ಕೆ ಹತ್ತುವ ಹಲಗೆಯೂ ಇಲ್ಲ, ಬದಿಯೆಲ್ಲ ಒಂದೇ ಸಪಾಟು.

ಊಟದ ಹೊತ್ತಿಗೆ ನಮ್ಮಲ್ಲಿ ಜಗಳ ಆಗುತ್ತಿದ್ದದ್ದು ಈ ಮೂರರ ಬಗ್ಗೆ. ಗಂಜಿಗೆ ಉಪ್ಪು ಕಡಿಮೆಯಾದರೂ ಮಾತು ಕೊನೆಗೆ ಅಲ್ಲಿಗೇ ಬರುವುದು. ಅಜ್ಜ ತೀರಿದ ಮೇಲೆ ಅಜ್ಜಿ ಎರಡನೇದಕ್ಕೆ ಒಮ್ಮೆಯೂ ಹತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಕಾರು ಎಂದರೆ ಮೊದಲನೇದು, ಉಳಿದದ್ದೆಲ್ಲ ವೇಷ.

“ಸರಳು ಸವೀತದೆ ಅವ್ವ. ಒಂದು ಚಕ್ರ ಹಿಡಿದ್ರೆ ಇನ್ನೊಂದು ಹಿಡಿಯುದಿಲ್ಲ. ಫ್ಲೂಯಿಡಿಗೆ ಹಾಗಿಲ್ಲ, ನಾಲ್ಕಕ್ಕೂ ಒಟ್ಟಿಗೆ. ಬುದ್ಧಿ ಅಂದ್ರೆ ಅದು,” ಎಂದು ಅಪ್ಪ.

“ಬುದ್ಧಿಯಂತೆ ಬುದ್ಧಿ! ಸರಳು ಕಣ್ಣಿಗೆ ಕಾಣ್ತದೆ, ನಂಬಬಹುದು. ಕೊಳವೆಯ ಒಳಗೆ ಎಂತ ಉಂಟು ಅಂತ ಯಾರು ಕಂಡದ್ದು?”

“ಕಾಣದ್ದನ್ನೆಲ್ಲ ನಂಬುದಿಲ್ಲ ಅಂದ್ರೆ ನಿತ್ಯ ದೀಪ ಇಡುದು ಯಾರಿಗೆ ಮತ್ತೆ?”

ಅಮ್ಮ ಆಗ ಇಬ್ಬರ ಬಟ್ಟಲಿಗೂ ಗಂಜಿ ಬಡಿಸಿ ಬಾಯಿ ಮುಚ್ಚಿಸುತ್ತಿದ್ದಳು. ನಾನು ಬಟ್ಟಲಿನಿಂದ ಕಣ್ಣು ಎತ್ತುತ್ತಿರಲಿಲ್ಲ. ಅಜ್ಜಿ ನನಗೆ ತಲೆ ಬಾಚುವವಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವವಳು, ಹೆದರಿದಾಗ ಸೆರಗು ಕೊಡುವವಳು. ಅಪ್ಪ ಅಂದರೆ ಅಪ್ಪ. ಇಬ್ಬರಲ್ಲಿ ಯಾರು ಸೋಲುವುದೂ ನನಗೆ ಬೇಡವಾಗಿತ್ತು.

ನಮ್ಮ ಮನೆಯ ದೀಪಾವಳಿಯಲ್ಲಿ ಒಂದು ಕ್ರಮ ಇತ್ತು. ಎಲ್ಲರ ಮನೆಯಲ್ಲೂ ಹಬ್ಬದ ಬೆಳಗಾತ ಎಣ್ಣೆ ಹಚ್ಚಿ ಮೀಯುತ್ತಾರೆ, ಅದು ಹೊಸತಲ್ಲ. ನಮ್ಮಲ್ಲಿ ಮನೆಗಾಗಿ ದುಡಿಯುವ ಎಲ್ಲದಕ್ಕೂ ಎಣ್ಣೆ. ಅಜ್ಜಿ ಒಂದು ಬೆಳ್ಳಿಯ ಬಟ್ಟಲಿನಲ್ಲಿ ತೆಂಗಿನೆಣ್ಣೆ ಹಾಕಿ, ಗರಿಕೆ ಅದ್ದಿ, ಮೊದಲು ನಮ್ಮ ನೆತ್ತಿಗೆ, ಆಮೇಲೆ ದನಕ್ಕೆ, ಕತ್ತಿಗೆ, ಒನಕೆಗೆ, ಬಾವಿಯ ರಾಟೆಗೆ, ಕೊನೆಗೆ ಕಾರಿಗೆ ಬಿಡುತ್ತಿದ್ದಳು. ಮೊದಲನೇದು ಇದ್ದ ಕಾಲದಲ್ಲಿ ಅಜ್ಜ ದೊರೆಯ ಶೆಡ್ಡಿನಲ್ಲಿ ಕಾರಿನ ಅಡಿಗೆ ಮಲಗಿ, ಬ್ರೇಕಿನ ಸರಳಿನ ಕೀಲು ಕೀಲಿಗೂ ಎಣ್ಣೆ ಬಿಡುತ್ತಿದ್ದರಂತೆ. ಬಟ್ಟಲು ಹಿಡಿದು ಕೂರುವುದು ಅಜ್ಜಿಯ ಕೆಲಸ. ಅವರಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ ಎಂದು ಕಾಣುತ್ತದೆ, ಹೇಳುವಾಗ ಅವಳ ದನಿ ಮೆತ್ತಗಾಗುತ್ತಿತ್ತು. ಎರಡನೇದು ಬಂದ ಮೇಲೆ ಅಜ್ಜ ಬಾನೆಟ್ಟಿನ ಮೇಲೆ ಒಂದು ಬಿಂದು ಇಟ್ಟು ಎದ್ದುಬಿಡುತ್ತಿದ್ದರು. ಅಜ್ಜಿಗೆ ಅದು ಸಾಲದು. ನನ್ನ ಎಂಟನೆಯ ವರ್ಷದ ದೀಪಾವಳಿಗೆ ಅವಳು ಬಾನೆಟ್ಟಿಗೆ ಬಟ್ಟಲನ್ನೇ ಮಗುಚಿದಳು. ಎಣ್ಣೆಗೆ ಧೂಳು ಹಿಡಿದು ಬಣ್ಣ ಹಾಳಾಯಿತು. ಅಪ್ಪ ಕುಣಿದರು.

“ಇನ್ನೊಮ್ಮೆ ಕಾರಿನ ಸುದ್ದಿಗೆ ಬಂದ್ರೆ ಅಣ್ಣನ ಮನೆಗೆ ಬಿಟ್ಟು ಬರ್ತೇನೆ, ನೋಡು!”

ಅಣ್ಣ ಎಂದರೆ ನನ್ನ ದೊಡ್ಡಪ್ಪ, ನೆಲ್ಯಾಡಿಯಲ್ಲಿ ಇದ್ದರು. ಕೋಪದಲ್ಲಿ ಬಂದ ಮಾತು, ದೊಡ್ಡವರು ಮರೆತುಬಿಟ್ಟರು. ನಾನು ಮರೆಯಲಿಲ್ಲ. ಅಜ್ಜಿ ಇಲ್ಲದ ಮನೆಯನ್ನು ನೆನೆಸಿಕೊಂಡು ಎಷ್ಟೋ ದಿನ ಶಾಲೆಯಲ್ಲಿ ಕೂತಲ್ಲೇ ಬೆವರಿದ್ದೇನೆ.

ಮರುವರ್ಷ ಹಬ್ಬದ ದಿನ ಮಿಂದು ದೋಸೆ ತಿಂದು ಅಪ್ಪ ಪೇಟೆಗೆ ಹೋದದ್ದೇ ತಡ, ಅಜ್ಜಿ ನನ್ನನ್ನು ಕೈಸನ್ನೆ ಮಾಡಿ ಕರೆದಳು. ಕೈಯಲ್ಲಿ ಅದೇ ಬೆಳ್ಳಿಯ ಬಟ್ಟಲು.

“ಸುಮಾ, ಬ್ರೇಕಿಗೆ ಎಣ್ಣೆ ಬಿಡುವ ಜಾಗ ನಿಂಗೆ ಗೊತ್ತುಂಟಲ್ಲ?”

ಗೊತ್ತಿತ್ತು. ನನಗೆ ಮತ್ತು ಅಪ್ಪನಿಗೆ ಮಾತ್ರ ಗೊತ್ತಿತ್ತು. ಬಾನೆಟ್ಟಿನ ಒಳಗೆ, ಹಿಂದೆ, ಒಂದು ದಪ್ಪ ಕೊಳವೆಯ ಸಂದಿನಲ್ಲಿ ಮುಷ್ಟಿ ಗಾತ್ರದ ಡಬ್ಬಿ. ಅಪ್ಪನ ಕೈ ಅಲ್ಲಿಗೆ ತೂರುತ್ತಿರಲಿಲ್ಲ, ಆ ಕೊಳವೆಯನ್ನು ಬಿಚ್ಚಬೇಕಾಗುತ್ತಿತ್ತು. ಅದರ ಬದಲು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮುಚ್ಚಳ ತೆಗೆಸುತ್ತಿದ್ದರು. ಇಡೀ ಮನೆಯಲ್ಲಿ ನನ್ನಿಂದ ಮಾತ್ರ ಆಗುವ ಕೆಲಸ ಅದು, ಆ ಡಬ್ಬಿಯ ಹತ್ತಿರ ನನಗೆ ಹೆದರಿಕೆಯೇ ಆಗುತ್ತಿರಲಿಲ್ಲ.

“ಅಪ್ಪ ಬೈತಾರೆ ಅಜ್ಜಿ.”

“ನೋಡಿದ್ರೆ ಅಲ್ವಾ ಬೈಯುದು? ಬಾನೆಟ್ಟಿನ ಮೇಲೆ ಒಂದು ತೊಟ್ಟು ಬೀಳ್ಲಿಕ್ಕಿಲ್ಲ. ಅಜ್ಜ ಇದ್ದಿದ್ರೆ ಬಿಡದೆ ಇರ್ತಿದ್ರಾ? ಬ್ರೇಕು ಅಂದ್ರೆ ಜೀವ ಮಗಾ. ಜೀವಕ್ಕೆ ಎಣ್ಣೆ ಬಿಡದೆ ಬರೀ ಮೈಗೆ ಹಚ್ಚಿ ಎಂತ ಪ್ರಯೋಜನ?”

ಅವಳಿಗೆ ಮಂಡಿನೋವು, ಸ್ಟೂಲು ಹತ್ತಲಿಕ್ಕೆ ಆಗದು. ಬಟ್ಟಲು ಹಿಡಿದು ಕೆಳಗೆ ನಿಂತಳು, ಅಜ್ಜನ ಕಾಲದಲ್ಲಿ ಕೂರುತ್ತಿದ್ದ ಹಾಗೆ. ನಾನು ಕೈ ತೂರಿಸಿ ಮುಚ್ಚಳ ತಿರುಗಿಸಿ, ಗರಿಕೆಯಿಂದ ಮೂರು ಬಿಂದು ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. “ಪೂರ್ತಿ ಬಿಡು, ಹಬ್ಬದ ದಿನ ಲೋಭ ಮಾಡ್ಬಾರ್ದು,” ಎಂದಳು ಅಜ್ಜಿ. ಚಿಮಿಣಿ ದೀಪಕ್ಕೆ ಎಣ್ಣೆ ಹೊಯ್ಯುವ ಸಣ್ಣ ಲಾಳಿಕೆ ತಂದು, ಡಬ್ಬಿ ತುಂಬಿ ಬಾಯಿಗೆ ಬರುವಷ್ಟು ಬಿಟ್ಟೆ. ಅಜ್ಜಿ ಕಾರಿಗೆ ಕೈ ಮುಗಿದಳು. ನಾನೂ ಮುಗಿದೆ.

ಅದರ ಫಲ ಏನೆಂದು ಗೊತ್ತಾದದ್ದು ಹತ್ತು ಹನ್ನೆರಡು ದಿನ ಕಳೆದು, ಮಧ್ಯಾಹ್ನದ ಊಟದಲ್ಲಿ. ಅಪ್ಪನ ಗ್ಯಾರೇಜಿಗೆ ಒಂದು ಜೀಪು ಬಂದಿತ್ತು. ಯಾರೋ ತಿಳಿಯದವರು ಬ್ರೇಕಿನ ಡಬ್ಬಿಗೆ ಇಂಜಿನ್ ಆಯಿಲ್ ಹಾಕಿದ್ದರಂತೆ. ಅಪ್ಪ ಸಾರು ಕಲಸುತ್ತ ಅಮ್ಮನಿಗೆ ಹೇಳುತ್ತಿದ್ದರು.

“ರಬ್ಬರ್ ಬಟ್ಟಲೆಲ್ಲ ಉಬ್ಬಿ ಕಡುಬು ಆಗಿದೆ ಮಾರಾಯ್ತಿ. ಸುರುವಿಗೆ ಗೊತ್ತೇ ಆಗುದಿಲ್ಲ, ಒತ್ತಿದ್ರೆ ಹಿಡೀತದೆ. ಆಮೇಲೆ ಒಂದು ದಿನ ಒತ್ತಿದ್ರೆ ಪೆಡಲು ಸೀದಾ ಕೆಳಗೆ. ಪುಣ್ಯಕ್ಕೆ ಗದ್ದೆಯಲ್ಲಿ ನಿಂತಿತು. ಘಾಟಿಯಲ್ಲಿ ಆಗಿದ್ರೆ ಹೆಣ ಹೆಕ್ಕುವ ಕೆಲಸ.”

ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

“ಅಪ್ಪ, ತೆಂಗಿನೆಣ್ಣೆ ಆದ್ರೆ?”

ಅಪ್ಪ ನಕ್ಕರು.

“ತೆಂಗಿನೆಣ್ಣೆ ಹಾಕುವ ಮಂಗ ಯಾರು? ಅದೂ ರಬ್ಬರನ್ನು ತಿಂತದೆ. ಅದ್ರ ಮೇಲೆ ಮಡಿಕೇರಿಯ ಚಳಿಗೆ ಕೊಬ್ಬಿನ ಹಾಗೆ ಗಟ್ಟಿ ಆಗ್ತದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೈಯನ್ನು ಲಂಗಕ್ಕೆ ಒರೆಸಿಕೊಂಡೆ. ಅಜ್ಜಿ ಅಲ್ಲಿರಲಿಲ್ಲ, ಅವಳದ್ದು ಅಂದು ಏಕಾದಶಿಯ ಉಪವಾಸ. ಊಟ ಬಿಟ್ಟು ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಜ್ವರ ಇರಬೇಕು ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಅಲ್ಲಿಂದ ಸುರುವಾದ ಹೆದರಿಕೆಯನ್ನು ನಾನು ಈಗಲೂ ಅಕ್ಷರಕ್ಕೆ ಅಕ್ಷರ ಹೇಳಬಲ್ಲೆ. ಮಳೆಗಾಲದಲ್ಲಿ ಕಾರನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ಇಟ್ಟಿದ್ದರು. ತುಳಸಿ ಪೂಜೆ ಕಳೆದು ಮದುವೆಗಳು ಸುರುವಾದ ಮೇಲೆ ಮದುಮಕ್ಕಳ ಬಾಡಿಗೆಗೆ ಇಳಿಸುವುದು. ಆ ವರ್ಷದ ಮೊದಲ ಬಾಡಿಗೆ ರಾಮಕುಂಜದ ಶೀನಪ್ಪಣ್ಣನ ಮಗಳ ಮದುವೆ. ಹುಡುಗ ಮಡಿಕೇರಿಯವನು. ಅಪ್ಪ ಮುನ್ನಾದಿನ ಸಂಪಾಜೆಯ ಘಾಟಿ ಹತ್ತಿ ಹೋಗಿ, ಮದುವೆಯ ಬೆಳಗ್ಗೆ ಮದುಮಗನನ್ನು ಕೂರಿಸಿಕೊಂಡು ಇಳಿಯಬೇಕು. ಆ ಘಾಟಿಯ ತಿರುವುಗಳನ್ನು ನಾನು ಒಮ್ಮೆ ಬಸ್ಸಿನಲ್ಲಿ ನೋಡಿದ್ದೆ. ದಿನಕ್ಕೆ ಹತ್ತು ಸಲ ಕಣ್ಣ ಮುಂದೆ ಅಪ್ಪ ಪೆಡಲು ಒತ್ತುತ್ತಿದ್ದರು, ಪೆಡಲು ಸೀದಾ ಕೆಳಗೆ ಹೋಗುತ್ತಿತ್ತು. ಹೇಳಿದರೆ ಅಜ್ಜಿ ನೆಲ್ಯಾಡಿಗೆ ಹೋಗುತ್ತಾಳೆ. ಹೇಳದಿದ್ದರೆ ಅಪ್ಪ ಸಾಯುತ್ತಾರೆ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅದು ಗಾದೆ ಕಟ್ಟಿದವನಿಗೆ ಗಾದೆ, ಒಂಬತ್ತು ವರ್ಷದ ಹುಡುಗಿಗೆ ಅದು ನಿತ್ಯದ ಅನ್ನ ನೀರು. ಒಂದೊಂದು ದಿನ ಕೆಟ್ಟ ಧೈರ್ಯ ಬರುತ್ತಿತ್ತು, ಅಪ್ಪನ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಅವರು ತಿರುಗಿ “ಎಂತ?” ಎಂದರೆ “ಎಂತ ಇಲ್ಲ” ಎಂದು ಓಡುತ್ತಿದ್ದೆ. ಅಮ್ಮನ ಹತ್ತಿರವೂ ಹೇಳಲಿಲ್ಲ. ಅಮ್ಮನಿಗೆ ಹೇಳಿದ್ದು ಅಪ್ಪನ ಕಿವಿಗೆ ಹೋಗಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಡ.

ಹೊರಡುವ ಮೊದಲಿನ ದಿನ ಅಪ್ಪ ಕಾರನ್ನು ದಿಮ್ಮಿಯಿಂದ ಇಳಿಸಿ, ರಸ್ತೆಯವರೆಗೆ ಹೋಗಿ ಬಂದರು. ನಾನು ಕಂಬ ಹಿಡಿದು ನಿಂತಿದ್ದೆ. ಬ್ರೇಕ್ ಹಿಡಿಯಿತು. ನನ್ನ ಜೀವ ಹೋಗಿ ಬಂತು. ಆದರೆ ಅಪ್ಪ ಇಳಿದು ತಲೆ ಕೆರೆದುಕೊಂಡರು.

“ಪೆಡಲು ಸ್ವಲ್ಪ ಮೆತ್ತಗೆ ಉಂಟು. ಆರು ತಿಂಗಳು ನಿಂತದ್ದಲ್ವಾ, ನಾಲ್ಕು ಸಲ ಒತ್ತಿದ್ರೆ ಸರಿ ಆದೀತು. ಸುಮಾ, ಸ್ಟೂಲು ತಾ. ಡಬ್ಬಿಯಲ್ಲಿ ಫ್ಲೂಯಿಡ್ ಉಂಟಾ ನೋಡು.”

ನಾನು ಕೈ ತೂರಿಸಿದೆ. ಬೆರಳಿಗೆ ಜಿಡ್ಡು ಹತ್ತಿತು. ತೆಗೆದಾಗ ಮೂಗಿನ ಹತ್ತಿರ ಅಜ್ಜಿಯ ತಲೆಯ ವಾಸನೆ. ಅಪ್ಪ ಎರಡು ಮಾರು ದೂರದಲ್ಲಿ ಬೀಡಿ ಹಚ್ಚುತ್ತಿದ್ದರು. ಅಷ್ಟು ಹತ್ತಿರ ಇದ್ದರು.

“ಉಂಟು ಅಪ್ಪ. ತುಂಬ ಉಂಟು,” ಎಂದೆ.

ದೀಪಾವಳಿಯ ದಿನ ನಾನು ಮಾಡಿದ್ದು ತಿಳಿಯದ ತಪ್ಪು. ಇದು ತಿಳಿದು ಮಾಡಿದ್ದು. ನನ್ನ ಜೀವಮಾನದಲ್ಲಿ ಆಮೇಲೆ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಯಾವುದಕ್ಕೂ ಅಷ್ಟು ನಾಚಿದ್ದಿಲ್ಲ. ಹೊತ್ತು ಮುಳುಗುವ ಮೊದಲೇ ಅಜ್ಜಿಯ ಹತ್ತಿರ ಓಡಿದೆ. ಅವಳು ಹಿತ್ತಿಲಲ್ಲಿ ಕೂತು ಹಲಸಿನ ಬೀಜ ಜಜ್ಜಿ ಸಿಪ್ಪೆ ತೆಗೆಯುತ್ತಿದ್ದಳು. ಅಳುತ್ತ ಎಲ್ಲವನ್ನೂ ಹೇಳಿದೆ, ಜೀಪಿನ ಕತೆ, ಕಡುಬಿನ ಹಾಗೆ ಉಬ್ಬುವ ರಬ್ಬರ್, ಮಡಿಕೇರಿಯ ಚಳಿ, ಈಗ ಹೇಳಿ ಬಂದ ಸುಳ್ಳು. ಅಜ್ಜಿಯ ಕೈಯ ಕಲ್ಲು ನಿಂತಿತು. ಅವಳ ಮುಖದಲ್ಲಿ ಬಣ್ಣ ಹೋಗುವುದನ್ನು ನಾನು ಮೊದಲ ಸಲ ಕಂಡದ್ದು ಅಂದು. ನನ್ನ ಅಜ್ಜಿಗೂ ಹೆದರಿಕೆ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ನೀನು ಯಾರ ಹತ್ರವೂ ಬಾಯಿ ಬಿಡ್ಬೇಡ. ನಾನು ನೋಡಿಕೊಳ್ತೇನೆ,” ಎಂದಳು ಕೊನೆಗೆ.

ಮರುದಿನ ಬೆಳಗ್ಗೆ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಾರಿನ ಕೋಣೆಗೆ ಬಂದರೆ, ಹಿಂದಿನ ಸೀಟಿನಲ್ಲಿ ಅಜ್ಜಿ! ಒಳ್ಳೆಯ ಸೀರೆ ಉಟ್ಟು, ಎಲೆಅಡಿಕೆಯ ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಅಜ್ಜ ತೀರಿದ ಮೇಲೆ ಮೊದಲ ಸಲ.

“ಇಳಿ ಅವ್ವ. ಎಂತ ಇದು ವೇಷ?”

“ಇಳಿಯುದಿಲ್ಲ. ಕಾರು ಇವತ್ತು ಹೋಗುದಿಲ್ಲ.”

“ಯಾಕೆ ಹೋಗುದಿಲ್ಲ?”

“ಹೋಗುದಿಲ್ಲ ಅಂದ್ರೆ ಹೋಗುದಿಲ್ಲ. ದಿನ ಸರಿ ಇಲ್ಲ.”

ಈಗ ಯೋಚಿಸಿದರೆ ಸಿಟ್ಟು ಬರುತ್ತದೆ. ಹೇಳಿಬಿಡಬಾರದಿತ್ತಾ ಅವಳು! ಒಂದು ವಾಕ್ಯ, ಅಷ್ಟೇ. ಆದರೆ ಮಗನ ಎದುರು ಸೋಲುವುದು ಅವಳಿಂದ ಆಗುವ ಕೆಲಸವಲ್ಲ. ಎರಡನೇದರ ಬುದ್ಧಿಯೇ ಬೇರೆ ಎಂದು ಅವನು ಇಷ್ಟು ವರ್ಷ ಹೇಳಿದ್ದು ಸರಿ ಎಂದು ಒಪ್ಪಬೇಕಿತ್ತಲ್ಲ. ಅದಕ್ಕಿಂತ ಹಟಮಾರಿ ಮುದುಕಿ ಅನ್ನಿಸಿಕೊಳ್ಳುವುದು ಸುಲಭ ಅನ್ನಿಸಿರಬೇಕು. ಎರಡು ಗಂಟೆ ಹೊತ್ತು ಕೂತರೆ ಶೀನಪ್ಪಣ್ಣ ಬೇರೆ ಗಾಡಿ ನೋಡಿಕೊಳ್ಳುತ್ತಾನೆ, ಆಮೇಲೆ ಉಪಾಯ ಮಾಡಿದರಾಯಿತು ಎಂದು ಲೆಕ್ಕ ಹಾಕಿದ್ದಳು. ಅವಳಿಗೆ ತಪ್ಪಿದ್ದು ತಾನೇ ಹೆತ್ತ ಮಗನ ಹಟದ ಲೆಕ್ಕ. ಅಪ್ಪ ಅರ್ಧ ಗಂಟೆ ಬೇಡಿಕೊಂಡರು, ಕಾಲು ಗಂಟೆ ಬೈದರು, ಆಮೇಲೆ ಮುಂದಿನ ಬಾಗಿಲು ತೆಗೆದರು.

“ಆಯ್ತು. ಕೂತ್ಕೋ. ಮಡಿಕೇರಿ ನೋಡಿಕೊಂಡು ಬಾ.”

ಹಾಗೆಂದು ಮುಂದೆ ಕೂತು ಇಂಜಿನ್ ಸುರು ಮಾಡಿಯೇಬಿಟ್ಟರು.

ನಾನು ಅಂಗಳದ ಮಧ್ಯದಲ್ಲಿ ನಿಂತಿದ್ದೆ. ಈಗ ಹೇಳಬೇಕು, ಈಗ, ಎಂದು ಒಳಗಿನಿಂದ ಯಾರೋ ದೂಡುತ್ತಿದ್ದರು. ಬಾಯಿ ತೆರೆದೆ. ಸ್ವರ ಬರಲಿಲ್ಲ. ಕಾರು ನನ್ನ ಪಕ್ಕದಿಂದ ಹೋಯಿತು. ಗಾಜಿನ ಒಳಗೆ ಅಜ್ಜಿ ಮುಂದಕ್ಕೆ ಬಾಗಿ ಅಪ್ಪನ ಭುಜ ಹಿಡಿದು ಏನೋ ಹೇಳುತ್ತಿದ್ದಳು. ಕಾರು ಇಳಿಜಾರಿಗೆ ಮೂತಿ ಹಾಕಿತು. ರಸ್ತೆಯ ಹತ್ತಿರ ನಿಲ್ಲಬೇಕು, ನಿಲ್ಲಲಿಲ್ಲ. ಅಪ್ಪನ ಕಾಲು ಒಂದೇ ಸಮ ಒತ್ತುತ್ತಿದ್ದದ್ದು ಅವರ ಹೆಗಲು ಕುಣಿದದ್ದರಲ್ಲಿ ಗೊತ್ತಾಯಿತು. ಆಮೇಲೆ ಕೈಬ್ರೇಕ್ ಎಳೆದಿರಬೇಕು, ಹಿಂದಿನ ಚಕ್ರ ಕಿರುಚಿತು. ಕಾರು ಅಡ್ಡ ತಿರುಗುತ್ತ ರಸ್ತೆ ದಾಟಿ, ಆಚೆಯ ಬದಿಯ ಮಣ್ಣಿನ ದರೆಗೆ ಹೋಗಿ ಗುದ್ದಿತು. ದೇವರ ದಯೆ, ಅಷ್ಟು ಹೊತ್ತಿನಲ್ಲಿ ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

ಅಮ್ಮನ ಹಿಂದೆ ನಾನೂ ಓಡಿದೆ. ಅಪ್ಪನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅಜ್ಜಿಯ ಬಲಗೈ ಮೊಣಕೈಯ ಕೆಳಗೆ ವಾರೆಯಾಗಿ ಜೋತಿತ್ತು. ಕಾರಿನ ಒಳಗೆಲ್ಲ ವೀಳ್ಯದೆಲೆ, ಸುಣ್ಣ. ಅವಳು ನೋವಿಗೆ ಕೂಗಲೂ ಇಲ್ಲ. ನನ್ನನ್ನು ನೋಡಿದಳು, ಆಮೇಲೆ ಅಪ್ಪನನ್ನು.

“ನಾನೇ ಹಾಕಿದ್ದು. ತೆಂಗಿನೆಣ್ಣೆ, ಬ್ರೇಕಿಗೆ. ದೀಪಾವಳಿಗೆ. ನಾನೇ ನನ್ನ ಕೈಯಾರೆ ಹಾಕಿದ್ದು.”

ಅಪ್ಪ ಬೈಯಲಿಲ್ಲ. ಅವಳ ಮುರಿದ ಕೈಯನ್ನು ನೋಡಿದರು, ಬಾನೆಟ್ಟನ್ನು ನೋಡಿದರು, ನನ್ನನ್ನು ನೋಡಲೇ ಇಲ್ಲ. ಮದುಮಗ ಯಾರದ್ದೋ ಜೀಪಿನಲ್ಲಿ ಬಂದು ಮದುವೆಯಾದ. ಅಜ್ಜಿ ಪುತ್ತೂರಿನಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು, ಯಾರೂ ಹೋಗು ಎನ್ನದಿದ್ದರೂ, ತಾನೇ ಹಟ ಹಿಡಿದು ಅಲ್ಲಿಂದ ಸೀದಾ ನೆಲ್ಯಾಡಿಗೆ ಹೋದಳು.

ಆಮೇಲಿನ ಮೂರು ತಿಂಗಳು ನಮ್ಮ ಮನೆಯಲ್ಲಿ ಜಗಳವೇ ಇರಲಿಲ್ಲ. ಅದರಷ್ಟು ಭಯಂಕರವಾದದ್ದು ಬೇರೆ ಇಲ್ಲ. ಊಟಕ್ಕೆ ಕೂತರೆ ಅಗಿಯುವ ಶಬ್ದ ಮಾತ್ರ. ಮೂತಿ ಜಜ್ಜಿದ ಕಾರು ಅದರ ಕೋಣೆಯಲ್ಲಿ ಒಂದು ದೀಪ ಒಡೆದುಕೊಂಡು ನಿಂತಿತ್ತು, ಉಳಿದ ಇನ್ನೊಂದು ನನ್ನನ್ನೇ ನೋಡುತ್ತಿತ್ತು. ಅಮ್ಮ ತಲೆ ಬಾಚಿದರೆ ಸಿಕ್ಕು ಬಿಡಿಸುವ ತಾಳ್ಮೆ ಇಲ್ಲ, ಎಳೆದು ಬಿಡುವಳು. ನಾನು ಅತ್ತರೆ ಅದಕ್ಕೇ ಅಳುತ್ತೇನೆ ಎಂದುಕೊಂಡಿದ್ದಳು. ಹೇಳಬೇಕು ಎಂದು ಬೆಳಗ್ಗೆ ಏಳುತ್ತಿದ್ದೆ, ನಾಳೆ ಹೇಳುತ್ತೇನೆ ಎಂದು ಮಲಗುತ್ತಿದ್ದೆ. ಈಗ ಹೇಳಿದರೆ ಅಪ್ಪನ ಜೀವಕ್ಕೆ ಅಪಾಯ ಇಲ್ಲ, ಅಜ್ಜಿ ಹೋಗಿಯೂ ಆಯಿತು. ಇನ್ನು ಉಳಿದದ್ದು ನಾನು ಹೇಗಿದ್ದವಳು ಎಂದು ಅಪ್ಪನಿಗೆ ಗೊತ್ತಾಗುವುದು ಒಂದೇ. ಆ ಹೆದರಿಕೆ ಉಳಿದೆರಡಕ್ಕಿಂತ ದೊಡ್ಡದು ಎಂದು ನನಗೆ ಆಗ ತಿಳಿಯಿತು.

ಶಿವರಾತ್ರಿ ಕಳೆದ ಮೇಲೆ ಮದ್ರಾಸಿನಿಂದ ರಬ್ಬರ್ ಬಟ್ಟಲುಗಳು ಬಂದವು. ಅಪ್ಪ ಹಳೆಯದನ್ನು ಬಿಚ್ಚಿ ತೆಗೆದು ಒಂದು ತಟ್ಟೆಯಲ್ಲಿ ಇಟ್ಟರು, ಉಬ್ಬಿ ಮೆತ್ತಗಾದ ಕರಿಯ ಮುದ್ದೆಗಳು. ಎರಡು ದಿನ ಕೊಳವೆ ತೊಳೆದರು. ಮೂರನೆಯ ದಿನ ನನ್ನನ್ನು ಕರೆದು ಸ್ಟೂಲಿನ ಮೇಲೆ ನಿಲ್ಲಿಸಿದರು.

“ಸುಮಾ, ನಿನ್ನ ಹತ್ರ ಎಂತದೂ ಕೇಳ್ಲಿಕ್ಕಿಲ್ಲ ಅಂತ ಅಜ್ಜಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಹಾಗಾಗಿ ನಾನು ಕೇಳುದಿಲ್ಲ. ಈ ಡಬ್ಬಿ ತುಂಬಿಸ್ಬೇಕು. ನನ್ನ ಕೈ ಹೋಗುದಿಲ್ಲ, ಗೊತ್ತುಂಟಲ್ಲ ನಿಂಗೆ? ಅಜ್ಜಿಯ ಕೈ ನನ್ನದಕ್ಕಿಂತ ದಪ್ಪ.”

ಹಾಗೆಂದು ಫ್ಲೂಯಿಡಿನ ಡಬ್ಬವನ್ನೂ ಲಾಳಿಕೆಯನ್ನೂ ನನ್ನ ಕೈಗೆ ಕೊಟ್ಟರು. ದರೆಗೆ ಗುದ್ದಿದ ದಿನದಿಂದಲೇ ಅವರಿಗೆ ಗೊತ್ತಿತ್ತು. ಮೂರು ತಿಂಗಳು ನನ್ನ ಎದುರಿಗೆ ಕೂತು ಉಂಡಿದ್ದರು, ಕಾಯುತ್ತ. ನಾನು ಡಬ್ಬಿ ತುಂಬಿಸಿದೆ, ಒಂದು ತೊಟ್ಟು ಹೊರಗೆ ಬೀಳಿಸದೆ. ಮುಚ್ಚಳ ಬಿಗಿ ಮಾಡಿದೆ. ಕೈ ಹೊರಗೆ ತೆಗೆದೆ. ಆಗ ಬಂತು ಸ್ವರ, ಅಂಗಳದಲ್ಲಿ ಬಾರದೆ ನಿಂತದ್ದು, ಊರಿಗೆಲ್ಲ ಕೇಳುವಷ್ಟು ದೊಡ್ಡದಾಗಿ.

“ನಾನು ಅಪ್ಪ! ನಾನೇ ಹಾಕಿದ್ದು. ತುಂಬ ಉಂಟು ಅಂತ ಸುಳ್ಳು ಹೇಳಿದ್ದೂ ನಾನೇ. ನೀವು ಸಾಯ್ತೀರಿ ಅಂತ ನಂಗೆ ಗೊತ್ತಿತ್ತು.”

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದಳು. ಅಪ್ಪ ಬಹಳ ಹೊತ್ತು ಕೈ ಒರೆಸಿಕೊಂಡರು. ಕಣ್ಣು ಕೂಡ ಅದೇ ಬಟ್ಟೆಯಲ್ಲಿ ಒರೆಸಿಕೊಂಡು ಮುಖಕ್ಕೆಲ್ಲ ಮಸಿ ಮಾಡಿಕೊಂಡರು.

“ಗೊತ್ತಿದ್ದದ್ದನ್ನು ಹೇಳ್ಲಿಕ್ಕೆ ಇಷ್ಟು ದಿನ ಬೇಕಾ ಮಾರಾಯ್ತಿ? ನಾಳೆ ನೆಲ್ಯಾಡಿಗೆ ಹೋಗುವ. ಅಜ್ಜಿಗೆ ನೀನೇ ಹೇಳು, ನಾನು ಕೇಳ್ಲಿಲ್ಲ ಅಂತ.”

ಮರುದಿನ ಅದೇ ಇಳಿಜಾರು. ನಾನು ಮುಂದೆ ಕೂತಿದ್ದೆ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಕಾರು ರಸ್ತೆಯ ಹತ್ತಿರ ನಿಂತಿತು. ಅಪ್ಪ ನನ್ನ ಕಡೆ ನೋಡಿದರು, ನಾನು ಉಸಿರು ಬಿಟ್ಟೆ. ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಅಜ್ಜಿ ಕೂತಿದ್ದಳು, ವಾರೆಯಾಗಿ ಕೂಡಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು. ನಾನು ಓಡಿ ಹೋಗಿ ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಸಿಕ್ಕುಗಟ್ಟಿದ ತಲೆಯನ್ನು ಎಡಗೈಯಲ್ಲಿ ತಡವಿ, “ಅಯ್ಯೋ, ಇದು ತಲೆಯಾ ಗುಬ್ಬಿಗೂಡಾ?” ಎಂದಳು. ಆಮೇಲೆ ಅಪ್ಪನಿಗೆ ಕೇಳುವ ಹಾಗೆ:

“ಕಾರಿಗೆ ಬ್ರೇಕ್ ಉಂಟಾ?”

“ಉಂಟು. ನಿನ್ನ ಮೊಮ್ಮಗಳೇ ತುಂಬಿಸಿದ್ದು.”

“ಹಾಗಾದ್ರೆ ಬರ್ತೇನೆ. ಸರಳು ಆಗಿದ್ರೆ ಕೇಳುದೂ ಬೇಕಿರ್ಲಿಲ್ಲ.”

ಆ ಕಾರು ಈಗ ಇಲ್ಲ, ಅಪ್ಪ, ಅಜ್ಜಿ ಇಬ್ಬರೂ ಇಲ್ಲ. ಅದೇ ಕಂಪೆನಿಯ ಎಷ್ಟನೆಯದೋ ಒಂದು ಮೊನ್ನೆ ನೆಲ್ಯಾಡಿಯ ಹೆದ್ದಾರಿಯಲ್ಲಿ ನನ್ನ ಎದುರಿಗೆ ಹೋಯಿತು, ಶಬ್ದವೇ ಇಲ್ಲದೆ. ಬ್ಯಾಟರಿಯದ್ದಂತೆ. ಕಾಲು ತೆಗೆದರೆ ಸಾಕು, ತಾನೇ ನಿಧಾನ ಆಗುತ್ತದೆ ಎಂದು ಮೊಮ್ಮಗ ವಿವರಿಸಿದ. ಅವನು ಓಡಿಸುವಾಗ ಇಳಿಜಾರು ಬಂದರೆ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ, ಅಲ್ಲಿ ಪೆಡಲು ಇಲ್ಲದಿದ್ದರೂ. “ಅಜ್ಜಿ, ಎಂತ ಮಾಡ್ತಾ ಇದ್ದೀರಿ?” ಎಂದು ಅವನು ನಗುತ್ತಾನೆ. ನಗಲಿ. ಅಂದು ನೆಲ್ಯಾಡಿಯಿಂದ ಬರುವಾಗ ನಾನು ಹಿಂದಿನ ಸೀಟಿನಲ್ಲಿ ಅಜ್ಜಿಗೆ ಅಂಟಿಕೊಂಡು ಕೂತಿದ್ದೆ. ಒಂದು ಇಳಿಜಾರಿನಲ್ಲಿ ಹೆದರಿ, ಹಲ್ಲು ಕಚ್ಚಿ, ಕಾಲನ್ನು ನೆಲಕ್ಕೆ ಒತ್ತಿ ಹಿಡಿದೆ. ಅಜ್ಜಿ ಅಪ್ಪನ ಜತೆ ಗಂಜಿಯ ಉಪ್ಪಿನ ಬಗ್ಗೆ ಜಗಳ ಮಾಡುತ್ತಿದ್ದಳು, ದನಿಯಲ್ಲಿ ಒಂದಿಷ್ಟೂ ನಡುಕ ಇಲ್ಲ. ಕೆಳಗೆ ನೋಡಿದೆ. ಸೀರೆಯ ಅಂಚಿನ ಕೆಳಗೆ ಅವಳ ಪಾದವೂ ಬೆರಳು ಬೆಳ್ಳಗಾಗುವಷ್ಟು ನೆಲವನ್ನು ಒತ್ತಿ ಹಿಡಿದಿತ್ತು.